ಕಸದ ಗುಡ್ಡದ ಕೆಳಗಿನ ಕೊಳವೆಬಾವಿ

ಪ್ರಶ್ನೆ: ಹುಬ್ಬಳ್ಳಿ ಹೊರವಲಯದಲ್ಲಿ ಕಸ ಸುರಿಯುವ ಜಾಗದಿಂದ ಅರ್ಧ ಕಿಲೋಮೀಟರ್ ಇಳಿಜಾರಿಗೆ ನಮ್ಮ ಹೊಲವಿದೆ. ಮಳೆ ಬಿದ್ದಾಗ ಪಕ್ಕದ ಹಳ್ಳದಲ್ಲಿ ಚಹಾ ಬಣ್ಣದ ನೀರು ನೊರೆಯೆದ್ದು ಹರಿಯುತ್ತದೆ. ಕೊಳವೆಬಾವಿ ನೀರಿನ ವರದಿ ಮಾತ್ರ ‘ಕುಡಿಯಲು ಯೋಗ್ಯ’ ಎನ್ನುತ್ತದೆ. ಕಸದಿಂದ ಎಂದೂ ನಾಶವಾಗದ ರಾಸಾಯನಿಕ ಇಳಿಯುತ್ತದಂತೆ. ಕುದಿಸಿ ಕುಡಿದರೆ ಸಾಕೇ? ನಮ್ಮ ಎಮ್ಮೆಗಳಿಗೂ ಇದೇ ನೀರು.

ಉತ್ತರ: ಸಾಲದು. ಕುದಿಸಿದರೆ ಸಾಯುವುದು ರೋಗಾಣು. ನೀವು ಹೇಳುತ್ತಿರುವ ಪಿಎಫ್‌ಎಎಸ್ ರಾಸಾಯನಿಕಗಳಲ್ಲಿ ಇಂಗಾಲಕ್ಕೂ ಫ್ಲೋರಿನ್‌ಗೂ ಬಿದ್ದಿರುವ ಗಂಟು ಒಲೆಯ ಶಾಖಕ್ಕೆ ಬಿಚ್ಚುವಂಥದ್ದಲ್ಲ. ನೀರು ಆವಿಯಾದಷ್ಟೂ ಪಾತ್ರೆಯಲ್ಲಿ ಅವುಗಳ ಸಾಂದ್ರತೆ ಏರುತ್ತದೆ.

ಕಲೆ ಹಿಡಿಯದ ಸೋಫಾ ಬಟ್ಟೆ, ನೀರು ಅಂಟದ ರೇನ್‌ಕೋಟ್, ಎಣ್ಣೆ ಹೀರದ ಕಾಗದದ ತಿಂಡಿ ಡಬ್ಬಿ ಮುಂತಾದವುಗಳಿಂದ ಇವು ಕಸಕ್ಕೆ ಸೇರುತ್ತವೆ. ಮಳೆನೀರು ಗುಡ್ಡದೊಳಗೆ ಇಳಿದು ಕಸದ ರಸವಾಗಿ ಹೊರಬರುವಾಗ ಇವನ್ನೂ ಹೊತ್ತು ತರುತ್ತದೆ. 2016ರ ಘನತ್ಯಾಜ್ಯ ನಿಯಮಗಳು ಹೊಸ ಭೂಭರ್ತಿ ತಾಣದ ತಳಕ್ಕೆ 90 ಸೆಂ.ಮೀ. ಜೇಡಿಮಣ್ಣು, ಅದರ ಮೇಲೆ 1.5 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಹಾಳೆ ಬೇಕೆಂದಿದ್ದವು. ಹಳೆಯ ಗುಡ್ಡಗಳು ನೆಲದ ಮೇಲೇ ಬೆಳೆದಂಥವು. ನಿಮ್ಮದು ಎರೆಹೊಲವಾದರೆ ಏಪ್ರಿಲ್‌ನಲ್ಲಿ ಬಿರುಕಿಗೆ ಕೈ ಇಟ್ಟು ನೋಡಿ, ಮೊಣಕೈವರೆಗೂ ಇಳಿಯುತ್ತದೆ. ಮಳೆಗಾಲದಲ್ಲಿ ಬಿರಿಯೆಲ್ಲ ಮುಚ್ಚಿಕೊಳ್ಳುವ ಅದೇ ಮಣ್ಣು ಮೊದಲ ಮಳೆಗೆ ಬಾಗಿಲು ತೆರೆದಿಟ್ಟಿರುತ್ತದೆ.

ನಿಮ್ಮ ವರದಿ ಸುಳ್ಳಲ್ಲ. ಅದು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಿದೆ. ನಮ್ಮ ಕುಡಿಯುವ ನೀರಿನ ಮಾನದಂಡದಲ್ಲಿ ಪಿಎಫ್‌ಎಎಸ್‌ಗೆ ಮಿತಿಯೇ ಇಲ್ಲ, ಹಾಗಾಗಿ ಸಾಮಾನ್ಯ ಪರೀಕ್ಷೆಯಲ್ಲಿ ಅದನ್ನು ಅಳೆಯುವುದಿಲ್ಲ. ಅಮೆರಿಕ 2024ರಲ್ಲಿ ಈ ಗುಂಪಿನ ಪಿಎಫ್‌ಒಎ ಎಂಬುದಕ್ಕೆ ಲೀಟರಿಗೆ 4 ನ್ಯಾನೋಗ್ರಾಂ ಮಿತಿ ಹಾಕಿತು. ಒಂದು ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಇಷ್ಟು ಸೂಕ್ಷ್ಮವಾದ್ದರಿಂದ ಮಾದರಿ ಹಿಡಿಯುವವರು ರೇನ್‌ಕೋಟ್ ತೊಡುವಂತಿಲ್ಲ, ನಲ್ಲಿಗೆ ಟೆಫ್ಲಾನ್ ಟೇಪ್ ಸುತ್ತಿದ್ದರೂ ಲೆಕ್ಕ ಕೆಡುತ್ತದೆ. ಪರೀಕ್ಷೆ ದುಬಾರಿ. ಮೊದಲಿಗೇ ಅದಕ್ಕೆ ದುಡ್ಡು ಸುರಿಯಬೇಡಿ.

ಕಸದ ರಸ ನಿಮ್ಮ ಬಾವಿಯವರೆಗೆ ಬಂದಿದೆಯೇ ಎಂಬುದನ್ನು ಮೊದಲು ತಿಳಿಯಿರಿ. ನೊರೆ, ಬಣ್ಣ ನಂಬುವಂಥ ಸಾಕ್ಷಿಯಲ್ಲ, ಸಾಬೂನಿನ ನೀರೂ ನೊರೆಯೇಳುತ್ತದೆ. ಕ್ಲೋರೈಡ್, ಅಮೋನಿಯಾ, ಒಟ್ಟು ಕರಗಿದ ಲವಣ, ಈ ಮೂರನ್ನು ಯಾವ ಪ್ರಯೋಗಾಲಯವೂ ಅಳೆಯುತ್ತದೆ. ಕ್ಲೋರೈಡನ್ನು ಮಣ್ಣು ಹಿಡಿದಿಡುವುದಿಲ್ಲ, ನೀರು ಹೋದಲ್ಲೆಲ್ಲ ಹೋಗುತ್ತದೆ. ಆದರೆ ನಮ್ಮ ಕಡೆ ಸವಳು ನೀರು ಹೊಸದೇನಲ್ಲವಲ್ಲ! ಆದ್ದರಿಂದ ಕಸದ ಗುಡ್ಡಕ್ಕಿಂತ ಎತ್ತರದ ಜಾಗದಲ್ಲಿರುವ ಬಾವಿಯೊಂದರ ನೀರನ್ನೂ ಜೊತೆಗೇ ಕೊಡಿ, ಮಳೆಗೆ ಮುಂಚೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ. ಮೇಲಿನ ಬಾವಿಗಿಂತ ನಿಮ್ಮದರಲ್ಲಿ ಮೂರೂ ಏರುತ್ತಿದ್ದರೆ ದೊಡ್ಡ ಪರೀಕ್ಷೆಗೆ ಕಾರಣವಿದೆ. ಆ ಎರಡು ವರದಿಗಳನ್ನು ಲಗತ್ತಿಸಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಕೊಡಿ, ಬರಿಯ ದೂರಿಗಿಂತ ಅದರ ತೂಕ ಹೆಚ್ಚು.

ಅಲ್ಲಿಯವರೆಗೆ ಕುಡಿಯಲು, ಅಡುಗೆಗೆ ಬೇರೆ ನೀರು ತನ್ನಿ. ಸುಸ್ಥಿತಿಯಲ್ಲಿರುವ ಆರ್‌ಒ ಯಂತ್ರ ಪಿಎಫ್‌ಎಎಸ್‌ನ ಬಹುಪಾಲನ್ನು ತಡೆಯುತ್ತದೆ. ತಡೆದದ್ದು ಮಾಯವಾಗುವುದಿಲ್ಲ, ಯಂತ್ರ ಹೊರಚೆಲ್ಲುವ ನೀರಿಗೆ ಸೇರುತ್ತದೆ. ಅದನ್ನು ‘ವ್ಯರ್ಥ ಯಾಕೆ’ ಎಂದು ದನದ ತೊಟ್ಟಿಗೆ ಬಿಡುವವರನ್ನು ಬಹಳ ಕಂಡಿದ್ದೇನೆ. ಈ ಗುಂಪಿನ ಕೆಲವು ರಾಸಾಯನಿಕಗಳು ಹಾಲಿಗೂ ಇಳಿಯುತ್ತವೆ. ಎಮ್ಮೆಗಳ ತೊಟ್ಟಿಗೆ ಯಂತ್ರ ಚೆಲ್ಲಿದ ಆ ನೀರು ಬೇಡ.