ಖಾಲಿ ತೋಟಾ ಆರಿಸುವಾಗ ಬುಡ ನೋಡಿ, ಬಾಯಿ ನೋಡಿ

ಪ್ರಶ್ನೆ: ನಾನು ಸಾಗರದವನು. ಹನ್ನೆರಡು ವರ್ಷದಿಂದ ಅಮೆರಿಕದ ಟೆಕ್ಸಾಸ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ವಾರಕ್ಕೊಮ್ಮೆ ರೇಂಜ್‌ಗೆ ಹೋಗಿ 9 ಎಂಎಂ ಪಿಸ್ತೂಲು, .38 ಸ್ಪೆಷಲ್ ರಿವಾಲ್ವರ್ ಎರಡರಲ್ಲೂ ಗುರಿ ಅಭ್ಯಾಸ ಮಾಡುತ್ತೇನೆ. ಇಲ್ಲಿ ಹಾರಿಸಿದ ಹಿತ್ತಾಳೆ ಕೇಸುಗಳನ್ನು ಸಾವಿರದ ಲೆಕ್ಕದಲ್ಲಿ ಮಾರುತ್ತಾರೆ. ಕೊಂಡು ಮತ್ತೆ ತುಂಬಿಸಿಕೊಳ್ಳೋಣ ಅಂತಿದ್ದೇನೆ. ಎಂಥದ್ದನ್ನು ಆರಿಸಬೇಕು? ಅಪ್ಪನ ಹತ್ತಿರ ಪರವಾನಗಿ ಇರುವ ಹನ್ನೆರಡು ಬೋರಿನ ಕೋವಿ ಇದೆ. ಒಂದಿಷ್ಟು ಖಾಲಿ ಕೇಸು ಊರಿಗೆ ತರಬಹುದಾ?

ಉತ್ತರ: ಮೊದಲು ಆ ಕೇಸು ಮಾಡುವ ಕೆಲಸ ಏನು ಅಂತ ನೋಡೋಣ. ಮದ್ದು ಉರಿದಾಗ ಹಿತ್ತಾಳೆ ಉಬ್ಬಿ ಚೇಂಬರಿನ, ಅಂದರೆ ಬಂದೂಕಿನಲ್ಲಿ ತೋಟಾ ಕೂರುವ ಜಾಗದ, ಗೋಡೆಗೆ ಅಂಟಿಕೊಳ್ಳುತ್ತದೆ. ಹೊಗೆ, ಬಿಸಿಗಾಳಿ ಹಿಂದಕ್ಕೆ, ಅಂದರೆ ನಿಮ್ಮ ಮುಖದ ಕಡೆಗೆ ಬಾರದ ಹಾಗೆ ತಡೆಯುತ್ತದೆ. ಆಮೇಲೆ ಸ್ವಲ್ಪ ಕುಗ್ಗಿ ಹೊರಗೆ ಬರುತ್ತದೆ. ಕಾರಿನ ಟಯರಿಗೆ ಮೂವತ್ತು ಮೂವತ್ತೈದು ಪಿಎಸ್‌ಐ ಗಾಳಿ ಹಾಕಿಸುತ್ತೇವೆ, ಅಲ್ವಾ? 9 ಎಂಎಂಗೆ ನಿಗದಿಯಾದ ಗರಿಷ್ಠ ಒತ್ತಡ 35,000 ಪಿಎಸ್‌ಐ. ಟಯರಿನ ಸಾವಿರ ಪಟ್ಟು. .38 ಸ್ಪೆಷಲ್‌ಗೆ ಅದರ ಸುಮಾರು ಅರ್ಧ, 17,000. ಹಾಗಾಗಿ ನಿಮ್ಮ ರಿವಾಲ್ವರಿನ ಕೇಸು ತುಂಬಾ ಸಲ ತಾಳುತ್ತದೆ. ಪಿಸ್ತೂಲಿನ ಕೇಸನ್ನೇ ಜಾಸ್ತಿ ಗಮನ ಕೊಟ್ಟು ನೋಡಬೇಕು.

ಜನ ಹೊಳಪು ನೋಡಿ ಕೊಳ್ಳುತ್ತಾರೆ. ಯಂತ್ರದಲ್ಲಿ ಹಾಕಿ ತಿರುಗಿಸಿದರೆ ಎಂಥ ಹಳೇ ಹಿತ್ತಾಳೆಯೂ ಚಿನ್ನದ ಹಾಗೆ ಹೊಳೆಯುತ್ತದೆ. ನಾನಾದರೆ ಮಂಕಾದ, ತೊಳೆಯದ ಕೇಸನ್ನೇ ಕೊಳ್ಳುತ್ತೇನೆ. ಹೊಗೆಯ ಗುರುತು, ಪಕ್ಕದ ಗೀರು, ಬುಡದ ಕಲೆ ಎಲ್ಲವೂ ಅದರಲ್ಲಿ ಉಳಿದಿರುತ್ತದೆ. ಆ ಕೇಸು ಹೇಗೆ ಬಾಳಿದೆ ಅಂತ ಓದಬಹುದು.

ಕೊಂಡ ಕೇಸುಗಳ ಬಕೆಟ್ ಮನೆಗೆ ಬಂದ ಕೂಡಲೇ ಕೈಗವಸು ಹಾಕಿಕೊಂಡು ಒಂದು ಬಟ್ಟೆಯ ಮೇಲೆ ಸುರಿಯಿರಿ. ನಡುವೆ ಹಾರದ ತೋಟಾ ಇದೆಯಾ ಅಂತ ಮೊದಲು ಹುಡುಕಿ. ಇದ್ದರೆ ಬೇರೆ ಇಡಿ, ಹಾರಿಸಲು ಹೋಗಬೇಡಿ. ಯಾರು ತುಂಬಿದ್ದೋ, ಎಷ್ಟು ತುಂಬಿದ್ದೋ. ಆಮೇಲೆ ಅಯಸ್ಕಾಂತ ಆಡಿಸಿ. ಅಂಟಿದ್ದು ಉಕ್ಕು, ಮೇಲೆ ಹಿತ್ತಾಳೆ ಬಣ್ಣ ಅಷ್ಟೇ. ಅಲ್ಯೂಮಿನಿಯಂ ಅಂಟುವುದಿಲ್ಲ, ಆದರೆ ಬೂದು ಬಣ್ಣ, ಕೈಗೆ ಹಗುರ. ಎರಡೂ ನಿಮಗೆ ಬೇಡ. ಕಪ್ಪಾಗಿ, ಕಾಮನಬಿಲ್ಲಿನ ಬಣ್ಣ ಬಂದು ಬೆಂಕಿಗೆ ಬಿದ್ದ ಹಾಗೆ ಕಾಣುವುದನ್ನೂ ಎಸೆಯಿರಿ. ಬಿಸಿ ತಾಗಿದ ಹಿತ್ತಾಳೆಯ ಬುಡ ಮೆತ್ತಗಾಗಿರುತ್ತದೆ.

9 ಎಂಎಂ ರಾಶಿಯಲ್ಲಿ .380ರ, ಅಂದರೆ ಇನ್ನೊಂದು ಬಗೆಯ ಗಿಡ್ಡ ಪಿಸ್ತೂಲು ತೋಟಾದ, ಕೇಸು ಖಂಡಿತ ಸೇರಿರುತ್ತದೆ. ದಪ್ಪ ನೋಡಿದರೆ ಗೊತ್ತಾಗುವುದೇ ಇಲ್ಲ. 9 ಎಂಎಂ ಕೇಸಿನ ಉದ್ದ 19.15 ಮಿಲಿಮೀಟರ್, ಅದರದ್ದು 17.3. ಸಾಲಾಗಿ ನಿಲ್ಲಿಸಿದರೆ ಗಿಡ್ಡದ್ದು ತಾನೇ ಕಾಣುತ್ತದೆ.

ಈಗ ಟಾರ್ಚ್ ಹಿಡಿದು ಬಾಯಿಯಿಂದ ಒಳಗೆ ನೋಡಿ. ತಳದ ನಟ್ಟ ನಡುವೆ ಒಂದೇ ತೂತು ಇದ್ದರೆ ಅದು ಬಾಕ್ಸರ್ ಮಾದರಿ, ನಿಮಗೆ ಬೇಕಾದ್ದು. ಎರಡು ಸಣ್ಣ ತೂತು ಇದ್ದರೆ ಬರ್ಡನ್ ಮಾದರಿ. ಹಳೇ ಪ್ರೈಮರ್ (ಬುಡದಲ್ಲಿ ಕೂತು ಮದ್ದಿಗೆ ಬೆಂಕಿ ಹಚ್ಚುವ ಕೇಪು) ತೆಗೆಯುವ ನಿಮ್ಮ ಉಪಕರಣದ ಸೂಜಿ ಅದರಲ್ಲಿ ಮುರಿಯುತ್ತದೆ. ಇನ್ನೂ ಒಂದು ವಿಷಯ ತುಂಬಾ ಜನ ನೋಡುವುದೇ ಇಲ್ಲ. ಕೆಲವು 9 ಎಂಎಂ ಕೇಸುಗಳ ಒಳಗೋಡೆಯಲ್ಲಿ ಮೆಟ್ಟಿಲಿನ ಹಾಗೆ ಒಂದು ಅಂಚು ಇರುತ್ತದೆ. ಹೊರಗಿಂದ ಎಲ್ಲಾ ಒಂದೇ. ಒಳಗೆ ಜಾಗ ಕಮ್ಮಿ. ಅಷ್ಟೇ ಮದ್ದು ಹಾಕಿದರೂ ಒತ್ತಡ ಏರುತ್ತದೆ. ಮೆಟ್ಟಿಲು ಕಂಡರೆ ಯೋಚನೆ ಮಾಡದೆ ಬಿಸಾಡಿ.

ಬುಡಕ್ಕೆ ಬನ್ನಿ. ಕೆಲವು ಪಿಸ್ತೂಲುಗಳ ಚೇಂಬರಿನಲ್ಲಿ ಕೇಸಿನ ಬುಡಕ್ಕೆ ಪೂರ್ತಿ ಆಸರೆ ಇರುವುದಿಲ್ಲ. ಅಲ್ಲಿ ಒಂದು ಕಡೆ ಉಬ್ಬು ಬರುತ್ತದೆ. ಹೆಬ್ಬೆರಳಲ್ಲಿ ಬುಡದ ಸುತ್ತ ಸವರಿದರೆ ಸಿಗುತ್ತದೆ. ಉಬ್ಬಿನ ಕೆಳಗೆ ಉಗುರಿಗೆ ತಾಗುವಂಥ ಗೆರೆ, ನಗುವ ತುಟಿಯ ಆಕಾರದ್ದು, ಕಂಡರೆ ಆ ಕೇಸಿನ ಆಯುಸ್ಸು ಮುಗಿದಿದೆ. ಬುಡದ ಮೇಲೆ ವೃತ್ತದೊಳಗೆ ಅಡ್ಡ ಗೆರೆ ಉದ್ದ ಗೆರೆ ಸೇರಿದ ಗುರುತಿದ್ದರೆ ಅದು ನ್ಯಾಟೋ ಸೇನೆಯ ಮಾಲು. ಹಿತ್ತಾಳೆ ಒಳ್ಳೆಯದೇ. ಆದರೆ ಪ್ರೈಮರ್ ಕಳಚದ ಹಾಗೆ ಸುತ್ತ ಒತ್ತಿ ಬಿಗಿ ಮಾಡಿರುತ್ತಾರೆ, ಆ ಬಿಗಿತ ಬಿಡಿಸದೆ ಹೊಸದು ಕೂರುವುದಿಲ್ಲ. ತಾಳ್ಮೆ ಇದ್ದರೆ ಮಾತ್ರ ಕೊಳ್ಳಿ. ಹೊಸ ಪ್ರೈಮರ್ ಒತ್ತುವಾಗ ಏನೂ ತಡೆಯಿಲ್ಲದೆ ಸುಮ್ನೆ ಜಾರಿ ಹೋದರೆ ಆ ಗೂಡು ಸಡಿಲವಾಗಿದೆ ಅಂತ ಅರ್ಥ. ಅದೂ ಕಸಕ್ಕೆ.

.38ರಲ್ಲಿ ಬುಡಕ್ಕಿಂತ ಬಾಯಿಯದ್ದೇ ತೊಂದರೆ. ಪ್ರತಿ ಸಲ ಬಾಯಿ ಅಗಲ ಮಾಡಿ, ಗುಂಡು ಕೂರಿಸಿ, ಮತ್ತೆ ಒತ್ತಿ ಒತ್ತಿ ಹಿತ್ತಾಳೆ ಗಡುಸಾಗುತ್ತದೆ. ಒಂದು ದಿನ ಕೂದಲೆಳೆಯಂಥ ಸೀಳು ಬಿಡುತ್ತದೆ. ನಿಕ್ಕೆಲ್ ಲೇಪದ ಬಿಳೀ ಕೇಸುಗಳಲ್ಲಿ ಇದು ಬೇಗ ಬರುತ್ತದೆ. ಕಣ್ಣಿಗಿಂತ ಕಿವಿಗೆ ಇದು ಮೊದಲು ಗೊತ್ತಾಗುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮ ಹೆಂಗಸರು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರಲ್ಲ, ಹಾಗೇ. ನಾಲ್ಕೈದು ಕೇಸು ಅಂಗೈಯಲ್ಲಿ ಹಾಕಿ ಕುಲುಕಿ. ಎಲ್ಲಾ ಗಟ್ಟಿ ಇದ್ದರೆ ಗೆಜ್ಜೆಯ ಹಾಗೆ ಕಿಣಿಕಿಣಿ ಅನ್ನುತ್ತದೆ. ಒಂದು ಸೀಳಿದ್ದರೂ ಸದ್ದು ಮಂಕಾಗುತ್ತದೆ. ನಾನು ಸೇನೆಯ ವರ್ಕ್‌ಶಾಪಿನಲ್ಲಿದ್ದಾಗ ಹಿರಿಯರೊಬ್ಬರು ಇದನ್ನು ಕಲಿಸಿದರು. ಇವತ್ತಿಗೂ ನನ್ನ ಕಿವಿ ತಪ್ಪಿಲ್ಲ.

ಕೇಸಿನ ಮಸಿಯಲ್ಲಿ ಸೀಸ ಇರುತ್ತದೆ. ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಮದ್ದಿನ ಅಳತೆಗೆ ತಯಾರಕರ ಕೈಪಿಡಿ ಮಾತ್ರ ನೋಡಿ, ಗೆಳೆಯರ ಬಾಯಿಮಾತು ಬೇಡ.

ಅಲ್ಲಿರುವ ನಮ್ಮ ಇನ್ನುಳಿದ ಹುಡುಗರಿಗೂ ಒಂದು ಮಾತು. ನಿಮಗೆ ಗ್ರೀನ್ ಕಾರ್ಡ್ ಇದೆ, ಸರಿ. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಬೇಟೆ ಲೈಸೆನ್ಸಿನಂಥ ವಿನಾಯಿತಿ ಇಲ್ಲದೆ ಬಂದೂಕಾಗಲಿ ತೋಟಾವಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಅಮೆರಿಕದ ಕಾನೂನಿನಲ್ಲಿ ಖಾಲಿ ಕೇಸು, ಪ್ರೈಮರ್ ಕೂಡ ‘ತೋಟಾ’ದ ಲೆಕ್ಕಕ್ಕೇ ಬರುತ್ತದೆ.

ಊರಿಗೆ ತರುವುದು ಬೇಡವೇ ಬೇಡ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೂ ತೋಟಾದ ಬಿಡಿಭಾಗಗಳು ತೋಟಾ ಎಂಬುದರ ಅರ್ಥದಲ್ಲೇ ಸೇರಿವೆ. ಜೊತೆಯ ಭಾಗಗಳೊಂದಿಗೆ ಬಳಸುವ ಉದ್ದೇಶ ಇಲ್ಲದ ಸಣ್ಣ ಬಿಡಿಭಾಗಕ್ಕೆ 45ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ, ನಿಜ. ಆದರೆ ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಸಿಕ್ಕಿಬಿದ್ದ ಮೇಲೆ ಅದನ್ನು ವಾದಿಸುತ್ತಾ ಕೂರುವ ಪಾಡು ಯಾರಿಗೆ ಬೇಕು? ಅಪ್ಪನಿಗೆ ಬೇರೆ ಏನಾದರೂ ತನ್ನಿ.

ಪ್ರಶ್ನೆ: ನಮ್ಮದು ಹೊಸನಗರದ ಹತ್ತಿರ. ಕೊಟ್ಟಿಗೆ ಮೇಲಿನ ಅಟ್ಟದಲ್ಲಿ ಅಜ್ಜನ ಕಾಲದ ಹಿತ್ತಾಳೆ ತೋಟಾದ ಖಾಲಿ ಕೇಸು ಇಪ್ಪತ್ತು ಸಿಕ್ಕವು. ಯಾರೂ ಮುಟ್ಟಿಲ್ಲ, ಆದರೂ ಸುಮಾರು ಕೇಸು ಬಾಯಿಯಿಂದ ಉದ್ದಕ್ಕೆ ಸೀಳಿವೆ. ಯಾಕೆ? ಚೆನ್ನಾಗಿರುವುದನ್ನು ಮತ್ತೆ ತುಂಬಿಸಬಹುದು ಅಂತಾರೆ ನಮ್ಮನೆಯವರು. ನನಗೆ ಹುಣಸೆಹಣ್ಣು ಹಾಕಿ ತೊಳೆದು ಷೋಕೇಸಿನಲ್ಲಿಡುವ ಆಸೆ.

ಉತ್ತರ: ನಿಮ್ಮ ಕಾಗದ ಓದಿ ತುಂಬಾ ಖುಷಿಯಾಯಿತು. ನೀವು ಕಂಡದ್ದನ್ನೇ ನೂರೈವತ್ತು ವರ್ಷದ ಹಿಂದೆ ಇಂಡಿಯಾದಲ್ಲಿದ್ದ ಬ್ರಿಟಿಷ್ ಸೇನೆಯವರೂ ಕಂಡು ತಲೆ ಕೆಡಿಸಿಕೊಂಡಿದ್ದರು. ಮಳೆಗಾಲದಲ್ಲಿ ಅವರು ತೋಟಾ ಪೆಟ್ಟಿಗೆಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರು. ಮಳೆ ನಿಂತು ತೆಗೆದು ನೋಡಿದರೆ ಹಿತ್ತಾಳೆ ತನ್ನಷ್ಟಕ್ಕೆ ಸೀಳಿರುತ್ತಿತ್ತು. ಕಾರಣ ಬಿಡಿಸಿ ಹೇಳಿದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು.

ತೋಟಾದ ಹಿತ್ತಾಳೆಯಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಬಿಲ್ಲೆಯನ್ನು ಎಳೆದೆಳೆದು ಕೊಳವೆ ಮಾಡುವಾಗ ಲೋಹದೊಳಗೆ ಒಂದು ಸೆಳೆತ ಉಳಿದುಬಿಡುತ್ತದೆ. ಕುದುರೆಯ ಮೂತ್ರದಿಂದ ಅಮೋನಿಯಾ ಏಳುತ್ತದೆ. ತೇವದ ಗಾಳಿಯಲ್ಲಿ ಅದು ಹಿತ್ತಾಳೆಯನ್ನು ಹಿಡಿದು, ಸೆಳೆತ ಇರುವ ಕಡೆ ಸೀಳುತ್ತದೆ. ಹದವಾಗಿ ಬಿಸಿ ಮಾಡಿ ಸೆಳೆತ ಇಳಿಸುವುದು ಅದಕ್ಕೆ ಪರಿಹಾರ ಆಯಿತು. ನಿಮ್ಮ ಮನೆಯಲ್ಲಿ ಕುದುರೆಯ ಜಾಗದಲ್ಲಿ ದನ ಇದ್ದವು, ಅಷ್ಟೇ. ಕೆಳಗೆ ಗಂಜಲ, ಮೇಲೆ ಅಟ್ಟ, ನಾಲ್ಕು ತಿಂಗಳು ಬಿಡದ ಮಳೆ.

ಹಾಗಾಗಿ ಚೆನ್ನಾಗಿ ಕಾಣುವ ಕೇಸುಗಳನ್ನೂ ನಂಬಬೇಡಿ. ಸೀಳಿದವು ಯಾವ ಗಾಳಿ ಕುಡಿದಿವೆಯೋ ಉಳಿದವೂ ಅದನ್ನೇ ಕುಡಿದಿವೆ. ಮನೆಯವರಿಗೆ ಇನ್ನೂ ಒಂದು ಹೇಳಿ. ಬೆಳೆ ರಕ್ಷಣೆಯ ಪರವಾನಗಿ ಕೋವಿ ಇಟ್ಟುಕೊಳ್ಳಲು, ಲೆಕ್ಕದಷ್ಟು ತೋಟಾ ಕೊಳ್ಳಲು. ತೋಟಾ ತಯಾರಿಸಲು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬೇರೆಯೇ ಪರವಾನಗಿ ಬೇಕು. ಅದಿಲ್ಲದೆ ಮಾಡಿದರೆ, 2019ರ ತಿದ್ದುಪಡಿ ಆದಮೇಲೆ, ಕನಿಷ್ಠ 7 ವರ್ಷ ಜೈಲು. ಮಂಗ ಬಂದು ಏಲಕ್ಕಿ, ಬಾಳೆ ಹಾಳು ಮಾಡುವ ಸಂಕಟ ನನಗೂ ಗೊತ್ತು. ಆದರೂ ಈ ದಾರಿ ಬೇಡ.

ಷೋಕೇಸಿಗೆ ಧಾರಾಳವಾಗಿ ಇಡಿ. ತೊಳೆಯುವ ಮುಂಚೆ ಪ್ರತಿ ಕೇಸಿನ ಬುಡ ನೋಡಿ. ನಡುವಿನ ಕೇಪಿನ ಮೇಲೆ ಸೂಜಿ ಹೊಡೆದ ಗುಳಿ ಇರಬೇಕು. ಗುಳಿ ಇಲ್ಲದಿದ್ದರೆ ಕೇಪು ಇನ್ನೂ ಜೀವಂತ. ಉಜ್ಜಬೇಡಿ, ಬಡಿಯಬೇಡಿ, ಪೊಲೀಸ್ ಠಾಣೆಗೆ ತಿಳಿಸಿ. ಹುಣಸೆಹಣ್ಣು ಆಗಬಹುದು, ಎರಡು ನಿಮಿಷ ಉಜ್ಜಿ ತೊಳೆದರೆ ಸಾಕು. ರಾತ್ರಿಯಿಡೀ ನೆನೆಹಾಕಿದರೆ ಹುಳಿಗೆ ಸತು ಬಿಟ್ಟು ಕೇಸು ಕೆಂಪಗಾಗುತ್ತದೆ, ನಿಮ್ಮ ತಂಬಿಗೆಯಲ್ಲೂ ನೋಡಿರುತ್ತೀರಿ. ಅಮೋನಿಯಾ ಇರುವ ಪಾಲಿಶ್ ಮುಟ್ಟಿಸಬೇಡಿ. ಬಿಸಿಲಿನಲ್ಲಿ ಒಣಗಿಸಿ, ಷೋಕೇಸನ್ನು ಕೊಟ್ಟಿಗೆಯ ಕಡೆಯ ಗೋಡೆಗೆ ಇಡದೆ ಜಗಲಿಯಲ್ಲಿ ಇಡಿ.