ನಾರ್ಫೋಕ್ ದ್ವೀಪದ ಶಾಸನಸಭೆ ತನ್ನ ಅವಧಿಯನ್ನು ಏಕೆ ಪೂರೈಸಲಿಲ್ಲ?

ಪೆಸಿಫಿಕ್ ಸಾಗರದಲ್ಲಿರುವ, ಆಸ್ಟ್ರೇಲಿಯಾದ ಅಧೀನದ ನಾರ್ಫೋಕ್ ದ್ವೀಪದ ಹದಿನಾಲ್ಕನೆಯ ಶಾಸನಸಭೆಗೆ 2013ರ ಮಾರ್ಚ್‌ನಲ್ಲಿ ಚುನಾವಣೆ ನಡೆದಿತ್ತು, ಅವಧಿ ಮೂರು ವರ್ಷ. ಆದರೂ 2015ರಲ್ಲೇ ಅದು ಕೊನೆಗೊಂಡಿತು, ವಿಸರ್ಜಿಸಿದವರು ಯಾರು ಎಂದು ಕೇಳಿದ್ದೀರಿ. ಯಾರೂ ವಿಸರ್ಜಿಸಲಿಲ್ಲ. ಸಭೆಯನ್ನೇ ರದ್ದು ಮಾಡಿದರು. ವಿಸರ್ಜನೆಯಾಗಿದ್ದರೆ ಚುನಾವಣೆ ನಡೆದು ಹದಿನೈದನೆಯ ಸಭೆ ಬರುತ್ತಿತ್ತು.

ಆಸ್ಟ್ರೇಲಿಯಾ ಸಂವಿಧಾನದ 122ನೆಯ ವಿಧಿಯ ಪ್ರಕಾರ, ಒಕ್ಕೂಟದ ಕೈಕೆಳಗಿನ ಪ್ರದೇಶಗಳಿಗೆ ಕಾನೂನು ಮಾಡುವ ಅಧಿಕಾರ ರಾಜಧಾನಿ ಕ್ಯಾನ್ಬೆರಾದ ಸಂಸತ್ತಿನದು. ಆ ಅಧಿಕಾರ ಬಳಸಿಯೇ 1979ರಲ್ಲಿ ಒಂದು ಕಾಯ್ದೆ ಮಾಡಿ ದ್ವೀಪಕ್ಕೆ ಸ್ವಯಮಾಡಳಿತ ಕೊಟ್ಟರು. 2015ರ ಮೇ ತಿಂಗಳಲ್ಲಿ ಅದೇ ಕಾಯ್ದೆಗೆ ತಿದ್ದುಪಡಿ ತಂದು ಆ ಸ್ವಯಮಾಡಳಿತವನ್ನು ಹಿಂತೆಗೆದುಕೊಂಡರು. ಜೂನ್‌ನಲ್ಲಿ ಸಭೆ ಇಲ್ಲವಾಯಿತು. ಮೂರು ವರ್ಷದ ಅವಧಿ ಎಂಬುದೂ ಆ ಕಾಯ್ದೆಯೊಳಗಿನ ಮಾತೇ ಆಗಿದ್ದರಿಂದ ಅದಕ್ಕೆ ಬೇರೆ ರಕ್ಷಣೆ ಇರಲಿಲ್ಲ.

ದ್ವೀಪದ ವಿಸ್ತೀರ್ಣ ಸುಮಾರು 35 ಚದರ ಕಿಲೋಮೀಟರ್, ಆಗಿನ ಜನಸಂಖ್ಯೆ 1,800ರ ಆಸುಪಾಸು. ಒಂಬತ್ತು ಸದಸ್ಯರ ಈ ಸಭೆ ರಸ್ತೆ, ಕಸ ವಿಲೇವಾರಿಯ ಜೊತೆಗೆ ವಲಸೆ, ಸುಂಕ, ದೂರವಾಣಿ, ಆಸ್ಪತ್ರೆ ಎಲ್ಲವನ್ನೂ ನೋಡಿಕೊಳ್ಳುತ್ತಿತ್ತು. ಅಂಚೆಚೀಟಿಗಳೂ ದ್ವೀಪದವೇ ಆಗಿದ್ದವು. ಚುನಾವಣೆಯಲ್ಲಿ ಪ್ರತಿ ಮತದಾರನಿಗೂ ಒಂಬತ್ತು ಮತ. ಹೇಗೆ ಬೇಕಾದರೂ ಹಂಚಬಹುದು, ಒಬ್ಬರಿಗೇ ಎರಡಕ್ಕಿಂತ ಹೆಚ್ಚು ಹಾಕುವಂತಿಲ್ಲ. ಸಭೆ ಸೇರುತ್ತಿದ್ದುದು ದ್ವೀಪದ ರಾಜಧಾನಿ ಕಿಂಗ್‌ಸ್ಟನ್ನಿನ ಹಳೆಯ ಸೈನಿಕ ಬ್ಯಾರಕ್ಕಿನಲ್ಲಿ. ಅಲ್ಲಿನ ಕಲಾಪದ ವರದಿಗಳಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಸಂತಾಪ ಸೂಚನೆ. ತೀರಿಕೊಂಡವರು ಸಾಮಾನ್ಯ ನಿವಾಸಿಗಳಾಗಿದ್ದರೂ ಸದಸ್ಯರು ಅವರ ಬಾಳಿನ ಕಥೆಯನ್ನು ಎಳೆಎಳೆಯಾಗಿ ಹೇಳುತ್ತಾರೆ. ಇಂಥ ಸಭೆ ಹೋದದ್ದು ದೊಡ್ಡ ನಷ್ಟವೆಂದೇ ನಾನು ನಂಬಿದ್ದೇನೆ.

ಕ್ಯಾನ್ಬೆರಾ ಮುಂದಿಟ್ಟ ಕಾರಣ ಹಣಕಾಸು, ಅದು ಸುಳ್ಳಲ್ಲ. ದ್ವೀಪದ ನಿವಾಸಿಗಳು ಆದಾಯ ತೆರಿಗೆ ಕಟ್ಟುತ್ತಿರಲಿಲ್ಲ. ಒಕ್ಕೂಟದ ಆರೋಗ್ಯ ಸೌಲಭ್ಯವೂ ಅವರಿಗಿರಲಿಲ್ಲ. ಪ್ರವಾಸಿಗರನ್ನೇ ನಂಬಿದ್ದ ಖಜಾನೆ 2008ರ ಜಾಗತಿಕ ಹಿಂಜರಿತದ ನಂತರ ಸೊರಗಿತು. 2010ರಲ್ಲಿ ಆಗಿನ ಮುಖ್ಯಮಂತ್ರಿ ಡೇವಿಡ್ ಬಫೆಟ್ ಅವರೇ ನೆರವಿಗೆ ಪ್ರತಿಯಾಗಿ ತೆರಿಗೆ ವಿನಾಯಿತಿ ಬಿಟ್ಟುಕೊಡಲು ಮುಂದಾದರು. ಅಷ್ಟು ಸಣ್ಣ ಜನಸಂಖ್ಯೆ ಒಂದು ದೇಶದಷ್ಟು ಹೊಣೆ ಹೊರುವುದು ಕಷ್ಟ ಎಂಬ ವಾದವನ್ನು ನಾನು ಒಪ್ಪುತ್ತೇನೆ.

ಒಪ್ಪಲಾಗದ್ದು ಸಭೆಯನ್ನು ರದ್ದು ಮಾಡಿದ ರೀತಿ. ಹೊಣೆಗಳಲ್ಲಿ ಕೆಲವನ್ನು ಕ್ಯಾನ್ಬೆರಾ ವಹಿಸಿಕೊಂಡು ಸಭೆಯನ್ನು ಉಳಿಸಬಹುದಿತ್ತು. 2015ರ ಮೇ 8ರಂದು ದ್ವೀಪದಲ್ಲೇ ಜನಮತಗಣನೆ ನಡೆಯಿತು. ತಮ್ಮ ರಾಜಕೀಯ ಸ್ಥಾನಮಾನವನ್ನು ನಿರ್ಧರಿಸುವ ಹಕ್ಕು ದ್ವೀಪದ ಜನರಿಗೆ ಇರಬೇಕೇ ಎಂಬುದು ಪ್ರಶ್ನೆ. ಹೌದು ಎಂದವರು 624, ಬೇಡವೆಂದವರು 266. ಕಾನೂನಿನ ದೃಷ್ಟಿಯಲ್ಲಿ ಆ ಫಲಿತಾಂಶ ಕ್ಯಾನ್ಬೆರಾವನ್ನು ಕಟ್ಟಿಹಾಕುವಂಥದ್ದಲ್ಲ. ಅದೇ ತಿಂಗಳು ಸಂಸತ್ತು ಮಸೂದೆಯನ್ನು ಅಂಗೀಕರಿಸಿತು. 1789ರಲ್ಲಿ ಬೌಂಟಿ ಎಂಬ ಬ್ರಿಟಿಷ್ ಹಡಗಿನಲ್ಲಿ ದಂಗೆಯೆದ್ದ ನಾವಿಕರ ವಂಶಸ್ಥರು ಪಿಟ್‌ಕೇರ್ನ್ ದ್ವೀಪದಿಂದ ಬಂದು 1856ರಲ್ಲಿ ಇಲ್ಲಿ ನೆಲೆಸಿದವರು. ಈ ನೆಲವೇ ತಮ್ಮದೆಂದು ತಲೆಮಾರುಗಳಿಂದ ಭಾವಿಸಿಕೊಂಡು ಬಂದವರಿಗೆ ಆ ಜೂನ್ ಎಷ್ಟು ಕಹಿಯಾಗಿರಬೇಡ!

ಮುಂದೇನಾಯಿತು ಎಂದೂ ಕೇಳಿದ್ದೀರಿ. 2016ರ ಜುಲೈ 1ರಿಂದ ಐವರು ಸದಸ್ಯರ ಪ್ರಾದೇಶಿಕ ಪರಿಷತ್ತು ಬಂತು. ಅದಕ್ಕೆ ಕಾನೂನು ಮಾಡುವ ಅಧಿಕಾರವಿರಲಿಲ್ಲ, ಸ್ಥಳೀಯ ಸಂಸ್ಥೆಯ ಕೆಲಸ ಮಾತ್ರ. ರಾಜ್ಯಮಟ್ಟದ ವಿಷಯಗಳಿಗೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಕಾನೂನು ಅನ್ವಯವಾಯಿತು. ಆದರೆ ಆ ರಾಜ್ಯದ ಶಾಸಕಾಂಗಕ್ಕೆ ದ್ವೀಪದವರು ಮತ ಹಾಕುವಂತಿಲ್ಲ. ತಾವು ಆರಿಸದವರು ಬರೆದ ಕಾನೂನನ್ನು ಪಾಲಿಸಬೇಕು. 2021ರಲ್ಲಿ ಆ ಪರಿಷತ್ತನ್ನೂ ಅಮಾನತಿನಲ್ಲಿಟ್ಟು ಆಡಳಿತಾಧಿಕಾರಿಯನ್ನು ಕೂರಿಸಿದರು.