ಪಿಎಚ್ 3 ಮತ್ತು 5 ಬೆರೆತರೆ 4 ಏಕಾಗದು?

ಪ್ರಶ್ನೆ: ಪಿಎಚ್ 3 ಮತ್ತು ಪಿಎಚ್ 5 ಇರುವ ಹೈಡ್ರೋಕ್ಲೋರಿಕ್ ಆಮ್ಲದ ದ್ರಾವಣಗಳನ್ನು ತಲಾ 100 ಮಿ.ಲೀ. ಬೆರೆಸಿದೆ. 4 ಬರಬೇಕಿತ್ತಲ್ಲ? ಮೀಟರ್ 3.3 ತೋರಿಸುತ್ತಿದೆ. ಮೀಟರ್ ಕೆಟ್ಟಿದೆಯೇ?

ಉತ್ತರ: ಮೀಟರ್ ಚೆನ್ನಾಗಿಯೇ ಇದೆ, ನೀವು ಸರಾಸರಿ ತೆಗೆದದ್ದು ತಪ್ಪು. ಡೆನ್ಮಾರ್ಕಿನ ಸೋರೆನ್ಸೆನ್ 1909ರಲ್ಲಿ ರೂಪಿಸಿದ ಪಿಎಚ್, ಹೈಡ್ರೋಜನ್ ಅಯಾನುಗಳ ಸಾರತೆಯ (ಲೀಟರಿಗೆ ಎಷ್ಟಿವೆ ಎಂಬುದರ) 10ರ ಆಧಾರದ ಲಘುಗಣಕ, ಅಂದರೆ ಲಾಗ್. ಚಿಹ್ನೆ ಮಾತ್ರ ಬದಲು. ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು. ಹಾಗಾಗಿ ಪಿಎಚ್‌ಗಳನ್ನು ಕೂಡಬೇಡಿ, ಅಯಾನುಗಳ ಮೋಲ್‌ಗಳನ್ನು (ಕಣಗಳ ಪ್ರಮಾಣ ಅಳೆಯುವ ಏಕಮಾನ) ಕೂಡಿ.

ಪಿಎಚ್ 3 ಎಂದರೆ ಲೀಟರಿಗೆ 0.001 ಮೋಲ್, 100 ಮಿ.ಲೀ.ನಲ್ಲಿ 0.0001. ಪಿಎಚ್ 5ರದ್ದು ಬರೀ 0.000001. ಒಟ್ಟು 0.000101 ಮೋಲನ್ನು 0.2 ಲೀಟರಿನಿಂದ ಭಾಗಿಸಿದರೆ 0.000505. ಇದರ ಲಾಗ್ −3.297, ಪಿಎಚ್ 3.30. ಎರಡನೆಯ ದ್ರಾವಣ ಹೆಚ್ಚುಕಡಿಮೆ ನೀರಿನಂತೆ ಮೊದಲನೆಯದನ್ನು ತೆಳುವಾಗಿಸಿದೆ, ಅಷ್ಟೆ.

ಕ್ಯಾಲ್ಕುಲೇಟರಿನಲ್ಲಿ ‘ಲಾಗ್’ ಬದಲು ‘ಎಲ್‌ಎನ್’ (10ರ ಬದಲು e ಆಧಾರದ ಲಾಗ್) ಒತ್ತಿದರೆ 7.59 ಬಂದು, ಅಂದರೆ 7ನ್ನು ದಾಟಿ, ಆಮ್ಲವೇ ಕ್ಷಾರವಾಗಿಬಿಡುತ್ತದೆ! ವಿನೆಗರ್, ನಿಂಬೆರಸಗಳಿಗೆ ಈ ಲೆಕ್ಕ ಹೊಂದದು: ದುರ್ಬಲ ಆಮ್ಲಗಳು ತೆಳುವಾದಂತೆ ಇನ್ನಷ್ಟು ಅಯಾನು ಬಿಡುತ್ತವೆ. ಅಲ್ಲಿ ಆಮ್ಲ ಎಷ್ಟರ ಮಟ್ಟಿಗೆ ಅಯಾನುಗಳಾಗಿ ಒಡೆಯುತ್ತದೆಂದು ತಿಳಿಸುವ ವಿಯೋಜನಾ ಸ್ಥಿರಾಂಕವೂ ಬೇಕು.